ಗಿಡ್ಡಜ್ಜರ ಪಾಲು

ಹಿಲ್ಯಾ ಟ್ರೆವಾರೊ ತೀರಿಕೊಂಡ ಮೂರನೆಯ ದಿನ ಪತ್ರಿಕೆಯಲ್ಲಿ ಏಳು ಸಾಲು ಬಂತು. ಮೇಲೆ ದಪ್ಪ ಅಕ್ಷರದಲ್ಲಿ 'ಕ್ಯಾರೆಟ್ ಪ್ಯಾಸ್ಟಿಯ ಅಜ್ಜಿ ಇನ್ನಿಲ್ಲ' ಎಂದಿತ್ತು. ವಯಸ್ಸು ಎಂಬತ್ತಮೂರು. ಗಂಡ ಡೆನ್‌ಜಿಲ್ ಬಹಳ ಹಿಂದೆಯೇ ಗತಿಸಿದ್ದರು. ಮಕ್ಕಳಿಲ್ಲ. ನಲವತ್ತೊಂದು ವರ್ಷ ಅಡುಗೆಮನೆಯ ಕಿಟಕಿಯಿಂದ ಪ್ಯಾಸ್ಟಿ, ಅಂದರೆ ಮಾಂಸದ ಕಡುಬು, ಮಾರಿದರು. ಊರಿನ ಪದ್ಧತಿಗೆ ವಿರುದ್ಧವಾಗಿ ಅದಕ್ಕೆ ಕ್ಯಾರೆಟ್ ಹಾಕುವ 'ಒಂದು ಮುದ್ದಾದ ಹಟ' ಅವರಿಗಿತ್ತು. ಅಲ್ಲಿಗೆ ಏಳು ಸಾಲು ಮುಗಿಯಿತು.

ಮುದ್ದಾದ ಹಟವಂತೆ! ಬರೆದವನು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆಲ್ಡರ್ ಹಿಲ್‌ನಲ್ಲಿ ಅರವತ್ತು ದಾಟಿದ ಯಾರನ್ನು ಕೇಳಿದ್ದರೂ ಆ ಕ್ಯಾರೆಟ್ ಎಲ್ಲಿಂದ ಬಂತು ಎಂದು ಹೇಳುತ್ತಿದ್ದರು. ಅವನು ಕೇಳಲಿಲ್ಲ. ಆ ಊರಿನಲ್ಲಿ ಹಿಲ್ಯಾಳನ್ನು ಕೇಳಬೇಕಾದವರು ಯಾರೂ, ಕೇಳಬೇಕಾದ ಹೊತ್ತಿನಲ್ಲಿ, ಏನನ್ನೂ ಕೇಳಲಿಲ್ಲ.

ಹಿಲ್ಯಾ ಹುಟ್ಟಿದ್ದು ಗಣಿಯ ಮನೆಗಳಲ್ಲಲ್ಲ. ಊರಿಂದ ಹನ್ನೊಂದು ಮೈಲಿ ಆಚೆ, ಮರ ಕಡಿದು ಬಿಟ್ಟ ಬೋಳು ನೆಲದಲ್ಲಿ ಅವಳಪ್ಪ ನಿಯೆಮಿ ನಾಲ್ಕು ಹಸು ಕಟ್ಟಿಕೊಂಡು ಆಲೂಗಡ್ಡೆ, ಕ್ಯಾರೆಟ್ ಬೆಳೆಯುತ್ತಿದ್ದ. ಮನೆಗಿಂತ ಮೊದಲು ಸೌನಾ ಎಂಬ ಹಬೆಸ್ನಾನದ ಕೋಣೆ ಕಟ್ಟಿದ, ಸೌನಾದಲ್ಲೇ ಹಿಲ್ಯಾ ಹುಟ್ಟಿದಳು. ಫಿನ್‌ಲೆಂಡಿನಿಂದ ಬಂದವರ ಪೈಕಿ ಅದು ಹೇಳಿಕೊಳ್ಳುವ ವಿಷಯವೇ ಅಲ್ಲ, ಎಲ್ಲರೂ ಹಾಗೇ ಹುಟ್ಟಿದವರು. ೧೯೪೭ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವಳು ಡೆನ್‌ಜಿಲ್ ಟ್ರೆವಾರೊನನ್ನು ಮದುವೆಯಾಗಿ ಗಣಿ ಕಂಪನಿಯ ಕೆಂಪು ಮನೆಗಳ ಸಾಲಿಗೆ ಬಂದಳು. ಟ್ರೆವಾರೊಗಳು ಸಮುದ್ರದಾಚೆಯ ಕಾರ್ನ್‌ವಾಲಿನಿಂದ ವಲಸೆ ಬಂದವರು, ಮೂರು ತಲೆಮಾರಿನಿಂದ ತಾಮ್ರ ತೋಡಿದವರು. ಫಿನ್ನರು ಬಂಡಿಗೆ ಕಲ್ಲು ತುಂಬುವವರು, ಕಾರ್ನ್‌ವಾಲಿನವರು ಕಲ್ಲಿಗೆ ತೂತು ಕೊರೆಯುವವರು. ಎರಡು ಕಡೆಯ ಮಕ್ಕಳು ಮದುವೆಯಾದರೆ ಎರಡು ಮನೆಯಲ್ಲೂ ವಾರಗಟ್ಟಲೆ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ.

ಡೆನ್‌ಜಿಲ್‌ನ ತಾಯಿ ಲವ್‌ಡೇ ಟ್ರೆವಾರೊ. ಗಿಡ್ಡ ದೇಹ, ದಪ್ಪ ಮುಂಗೈ, ಗಂಡ ಸತ್ತ ಮೇಲೆ ಮಗನೊಂದಿಗೇ ಇದ್ದಳು. ಸೊಸೆ ಬಂದ ಮಾರನೆಯ ದಿನವೇ ಅಡುಗೆಮನೆಯಲ್ಲಿ ಅವಳ ಪರೀಕ್ಷೆ ಶುರುವಾಯಿತು. ಅಲ್ಲಿ ಪ್ಯಾಸ್ಟಿ ಎಂದರೆ ಗಣಿಗೆ ಹೋಗುವವನ ಮಧ್ಯಾಹ್ನದ ಊಟ, ಅದರಾಚೆ ಇನ್ನೊಂದು ಊಟವಿಲ್ಲ. ಮೈದಾ ಮತ್ತು ಕೊಬ್ಬು ಕಲಸಿದ ದಪ್ಪ ಹಾಳೆ, ಅದರ ಮೇಲೆ ಹಸಿ ಮಾಂಸ, ಆಲೂಗಡ್ಡೆ, ಈರುಳ್ಳಿ, ಹಳದಿ ಟರ್ನಿಪ್ ಗೆಡ್ಡೆ. ಕರಿಗಡುಬಿನ ಹಾಗೆ ಮಡಚಿ, ಅಂಚನ್ನು ಹಗ್ಗ ಹೊಸೆದಂತೆ ಕಟ್ಟಿ, ಒಂದು ಮೂಲೆಯಲ್ಲಿ ತಿನ್ನುವವನ ಹೆಸರಿನ ಅಕ್ಷರ ಒತ್ತಿ ಬೇಯಿಸಬೇಕು.

ಹಿಲ್ಯಾ ತವರಿನಿಂದ ತಂದಿದ್ದ ಕ್ಯಾರೆಟ್ ಚೀಲವನ್ನು ಮೇಜಿನ ಮೇಲಿಟ್ಟಳು.

"ಇದೇನೇ ಇದು?" ಎಂದಳು ಲವ್‌ಡೇ.

"ಕ್ಯಾರೆಟ್ ಅಮ್ಮ. ನಮ್ಮಪ್ಪ ಕೊಟ್ಟ. ನಮ್ಮ ಕಡೆ ಪ್ಯಾಸ್ಟಿಗೆ ಇದನ್ನೇ..."

"ನಿಮ್ಮ ಕಡೆ ಮೊಲಕ್ಕೂ ಇದನ್ನೇ ಹಾಕ್ತಾರೆ, ಗಂಡಂಗೂ ಇದನ್ನೇ ಹಾಕ್ತಾರೆ. ನನ್ನ ಮಗನಿಗೆ ಕಿವಿ ಉದ್ದ ಇದ್ಯೇನೇ? ತಗೊಂಡ್ಹೋಗಿ ಪಕ್ಕದ್ಮನೆ ಮೊಲದ ಗೂಡಿಗೆ ಹಾಕು."

"ಸಿಹಿಯಾಗಿರತ್ತಮ್ಮ."

"ಸಿಹಿ ಬೇಕಂದ್ರೆ ಕೇಕ್ ತಿನ್ನು. ನಾನು ಬದುಕಿರೋವರ್ಗೂ ಈ ಮನೆ ಪ್ಯಾಸ್ಟೀಲಿ ಕ್ಯಾರೆಟ್ ಇರಲ್ಲ. ತಿಳೀತಾ? ಹ್ಞೂಂ, ಈಗ ಅಂಚು ಕಟ್ಟು, ನೋಡ್ತೀನಿ."

ಹಿಲ್ಯಾ ಕಟ್ಟಿದಳು. ಲವ್‌ಡೇ ನೋಡಿ ಬಿಚ್ಚಿದಳು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ಹೀಗೆ ಮೂರು ತಿಂಗಳು ನಡೆಯಿತು. "ಗಣಿ ಶಾಫ್ಟ್ ಒಳಗೆ ಕೆಳಕ್ಕೆ ಬೀಳ್ಸಿದ್ರೂ ಒಡೀಬಾರ್ದು, ಹಾಗಿರ್ಬೇಕು ಅಂಚು" ಎನ್ನುವುದು ಅವಳ ಅಳತೆ. ನಾಲ್ಕನೆಯ ತಿಂಗಳು ಒಂದು ದಿನ ಬಿಚ್ಚದೆ ಸುಮ್ಮನಾದಳು. ಹೊಗಳಲಿಲ್ಲ. ಅವತ್ತು ರಾತ್ರಿ ಡೆನ್‌ಜಿಲ್ ಹೆಂಡತಿಯ ಕಿವಿಯಲ್ಲಿ, "ನಿಂಗೆ ಪದಕ ಸಿಕ್ಕಂಗೆ ಕಣೇ. ನನಗೆ ಇಪ್ಪತ್ತೇಳು ವರ್ಷದಲ್ಲಿ ಒಂದೂ ಸಿಕ್ಕಿಲ್ಲ" ಎಂದ.

ಆ ಅಕ್ಷರದ ಮೂಲೆಗೆ ಒಂದು ನೇಮವಿತ್ತು. ತಿನ್ನುವವನು ಎದುರು ತುದಿಯಿಂದ ಶುರುಮಾಡಬೇಕು. ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಎದ್ದರೂ ಉಳಿದದ್ದು ಯಾರದೆಂದು ಅಕ್ಷರ ಹೇಳುತ್ತದೆ. ಪೂರ್ತಿ ತಿಂದರೂ ಆ ಮೂಲೆಯನ್ನು ತಿನ್ನಬಾರದು. ಅದು ಗಿಡ್ಡಜ್ಜರ ಪಾಲು. ಕಲ್ಲಿನೊಳಗೆ ಕೂತು ಟಕ್ ಟಕ್ ಎಂದು ಕುಟ್ಟುವ, ಮೊಳದುದ್ದದ ಮುದುಕರು ಅವರು. ಛಾವಣಿ ಕುಸಿಯುವ ಮೊದಲು ಕುಟ್ಟಿ ಎಚ್ಚರಿಸುತ್ತಾರೆ ಎಂದು ಕಾರ್ನ್‌ವಾಲಿನವರ ನಂಬಿಕೆ. ಊಟ ಮುಗಿದ ಮೇಲೆ, ಉಪಕರಣ ಮುಟ್ಟುವ ಮೊದಲು, ತಾನು ಕೆಲಸ ಮಾಡುವ ಜಾಗದ ತೊಲೆಯ ಮೇಲೆ ಆ ತುಂಡನ್ನು ಇಡಬೇಕು. ಇಟ್ಟದ್ದನ್ನು ಇನ್ನೊಬ್ಬ ಮುಟ್ಟಬಾರದು. ಮುಟ್ಟಿದವನ ತಲೆಯ ಮೇಲೇ ಮುಂದಿನ ಕಲ್ಲು. ಚಾಪೆಲ್‌ನಲ್ಲಿ ಪಾದ್ರಿ ಪ್ರತಿ ವರ್ಷ ಒಂದು ಭಾನುವಾರ ಇದನ್ನು ಬೈಯುತ್ತಿದ್ದ. ಬೈಸಿಕೊಂಡವರು ಸೋಮವಾರ ತೊಲೆಯ ಮೇಲೆ ಮೂಲೆ ಇಡುತ್ತಿದ್ದರು.

೧೯೫೨ರ ಅಕ್ಟೋಬರ್, ಒಂದು ಮಂಗಳವಾರ. ಲವ್‌ಡೇ ಎದೆ ಕಟ್ಟಿಕೊಂಡು ಎರಡು ದಿನದಿಂದ ಹಾಸಿಗೆ ಹಿಡಿದಿದ್ದಳು. ಬೆಳಗಿನ ಜಾವ ಹಿಲ್ಯಾ ನೆಲಮಾಳಿಗೆಗೆ ಇಳಿದು ನೋಡಿದರೆ ಟರ್ನಿಪ್ ಎಲ್ಲ ಹಿಮ ಹೊಡೆದು ಮೆತ್ತಗಾಗಿತ್ತು. ಅಂಗಡಿ ತೆರೆಯಲು ಮೂರು ಗಂಟೆ ಇತ್ತು. ಮೂಲೆಯ ಮರಳಿನಲ್ಲಿ ತವರಿನ ಕ್ಯಾರೆಟ್ ಹೂತಿಟ್ಟಿದ್ದಳು, ಸಾರಿಗೆಂದು. ಎರಡು ಕಿತ್ತು ತಂದು ಹೆಚ್ಚಿ ಹಾಕಿದಳು. ಮೂಲೆಯಲ್ಲಿ ಡಿ, ಟಿ ಎಂದು ಒತ್ತಿದಳು.

ಬೇಯುವ ವಾಸನೆ ಹಾಸಿಗೆಯವರೆಗೂ ಹೋಯಿತು.

"ಹಿಲ್ಯಾ! ಏನೇ ಹಾಕಿದ್ದೀ ಅದಕ್ಕೆ?"

"ಟರ್ನಿಪ್ ಕೊಳೆತುಹೋಗಿದೆ ಅಮ್ಮ..."

"ಹಾಗಂತ ಮೊಲದೂಟ ಕಟ್ತೀಯಾ? ನಾನು ಮಲಗಿದ್ದೀನಿ, ಸತ್ತಿಲ್ಲ ಕಣೇ!" ಎಂದು ಶಾಲು ಹೊದ್ದು ಎದ್ದೇ ಬಂದಳು. ಒಲೆಯಿಂದ ತೆಗೆದ ಪ್ಯಾಸ್ಟಿಯ ಬಿರುಕಿನಲ್ಲಿ ಇಣುಕಿ ಕಿತ್ತಳೆ ಬಣ್ಣ ಕಂಡು ತಲೆ ಅಲ್ಲಾಡಿಸಿದಳು. ಡೆನ್‌ಜಿಲ್ ಬೂಟಿನ ದಾರ ಕಟ್ಟುತ್ತ ನಗುತ್ತಿದ್ದ.

"ಬಿಡಮ್ಮ, ಇವತ್ತೊಂದಿನ ಗಿಡ್ಡಜ್ಜರೂ ಫಿನ್ನರ ಊಟ ಮಾಡ್ಲಿ. ಪಾಪ, ನೂರು ವರ್ಷದಿಂದ ಟರ್ನಿಪ್ ತಿಂದು ತಿಂದು ಅವರಿಗೂ ಸಾಕಾಗಿದೆ."

"ನಗು, ನಗು. ಮೇಲಿಂದ ಬಿದ್ದಾಗ ಗೊತ್ತಾಗತ್ತೆ."

ಡೆನ್‌ಜಿಲ್‌ನ ನಗು ಅಲ್ಲಿಗೆ ನಿಂತಿತು. ಡಬ್ಬಿ ತೆಗೆದುಕೊಳ್ಳುತ್ತ ಹಿಲ್ಯಾಳಿಗೆ ಮಾತ್ರ ಕೇಳುವಂತೆ ಹೇಳಿದ: "ನಿಜವಾಗ್ಲೂ ಮೇಲಿನ ಕಲ್ಲು ಸರಿಯಿಲ್ಲ ಕಣೇ. ಕ್ಯಾಪ್ಟನ್‌ಗೆ ಎರಡು ಸಲ ಹೇಳ್ದೆ, ಆನಿಸೋಕೆ ಇನ್ನೂ ತೊಲೆ ಕೊಡಿ ಅಂತ. 'ನಿಂಗೆ ಹೆದ್ರಿಕೆ ಆದ್ರೆ ನಿನ್ನ ಹೆಂಡ್ತಿ ಅಪ್ಪನ ಹತ್ರ ಹೋಗಿ ಆಲೂಗಡ್ಡೆ ಕೀಳು' ಅಂದ."

ಅವನು ಹೇಳಿದ ಕ್ಯಾಪ್ಟನ್ ಎಂದರೆ ಗಣಿಯ ಕೆಳಗಿನ ಕೆಲಸವನ್ನೆಲ್ಲ ನೋಡಿಕೊಳ್ಳುವ ಬೊಲಿಥೊ. ಅವನೂ ಕಾರ್ನ್‌ವಾಲಿನವನೇ, ಚಾಪೆಲ್‌ನಲ್ಲಿ ಮೊದಲ ಸಾಲಿನಲ್ಲಿ ಕೂರುವವನು.

ಹನ್ನೊಂದೂವರೆಗೆ ಊಟದ ಬಿಡುವು. ಹನ್ನೊಂದು ಐವತ್ತಕ್ಕೆ ನೆಲದಡಿಯ ಹತ್ತೊಂಬತ್ತನೆಯ ಲೆವೆಲ್‌ನಲ್ಲಿ ಕಲ್ಲು ಬಿತ್ತು. ಡೆನ್‌ಜಿಲ್‌ನ ಜೊತೆಗಾರ ಅರ್ವಿಡ್ ಲಾಹ್ಟಿಯನ್ನು ಅವತ್ತು ಬೆಳಿಗ್ಗೆಯೇ ಬೇರೆ ಲೆವೆಲ್‌ನ ಪಂಪಿನ ಕೆಲಸಕ್ಕೆ ಕಳಿಸಿದ್ದರು. ಹಾಗಾಗಿ ಡೆನ್‌ಜಿಲ್ ಒಬ್ಬನೇ ಇದ್ದ. ಅವನನ್ನು ಹೊರಗೆ ತೆಗೆದದ್ದು ಬೊಲಿಥೊ ಮತ್ತು ಅವನ ಇಬ್ಬರು ಆಳುಗಳು, ಬೇರೆ ಯಾರೂ ಅಲ್ಲ.

ಮಾರನೆಯ ದಿನ ಕಂಪನಿಯ ವರದಿ ನೋಟಿಸ್ ಬೋರ್ಡಿಗೆ ಬಂತು. ಡೆನ್‌ಜಿಲ್ ಕೆಲಸ ಮಾಡುತ್ತಿದ್ದ ಜಾಗದ ಪಕ್ಕದಲ್ಲೇ ಒಂದು ಹಳೆಯ ಸುರಂಗವಿತ್ತು. ಅಪಾಯವೆಂದು ಹಲಗೆ ಹೊಡೆದು ಮುಚ್ಚಿದ್ದು. ಅಲ್ಲಿನ ಬಂಡೆಯಲ್ಲಿ ಶುದ್ಧ ತಾಮ್ರದ ಗಟ್ಟಿಗಳು ಸಿಗುತ್ತವೆಂದು ಎಲ್ಲರಿಗೂ ಗೊತ್ತು. ಊಟದ ಬಿಡುವಿನಲ್ಲಿ ಡೆನ್‌ಜಿಲ್ ಹಲಗೆ ಸರಿಸಿ, ಗಟ್ಟಿ ಕದಿಯಲು ಆ ಸುರಂಗಕ್ಕೆ ಹೋಗಿದ್ದಾನೆ, ಕಲ್ಲು ಕೆಣಕಿದ್ದಾನೆ, ಅದು ಕುಸಿದಿದೆ, ಎಂದಿತ್ತು ವರದಿ. ಮುಚ್ಚಳ ತೆಗೆಯದ ಊಟದ ಡಬ್ಬಿ ಹಲಗೆಯ ಆ ಕಡೆ, ಅವನ ಹೆಣದ ಪಕ್ಕ ಸಿಕ್ಕಿತು ಎಂದೂ ಇತ್ತು.

ಊರಿಗೆ ಅಷ್ಟು ಸಾಕಾಯಿತು. ಹಲಗೆಯ ಈ ಕಡೆ ಸತ್ತಿದ್ದರೆ ಕ್ಯಾಪ್ಟನ್ ತೊಲೆ ಕೊಡದೆ ಕೊಂದ. ಆ ಕಡೆ ಸತ್ತಿದ್ದರೆ ಕಳ್ಳನೊಬ್ಬ ಸತ್ತ. ಮನೆಯ ಮುಂದೆ ಹಾಯುವವರು ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ತಲೆ ಕೆರೆದುಕೊಂಡು ಹೋದರು. ಕೇಸರಿ ಬನ್ನು ತಂದುಕೊಟ್ಟ ಹೆಂಗಸರು ಬಾಗಿಲಲ್ಲೇ ಕೊಟ್ಟು ತಿರುಗಿದರು.

ಸಂಜೆ ಕಂಪನಿಯ ಗುಮಾಸ್ತ ಡಬ್ಬಿ ತಂದುಕೊಟ್ಟ. ಹಿಲ್ಯಾ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಸೋಪಿನ ವಾಸನೆ.

"ಇದನ್ನ ಯಾರು ತೊಳೆದದ್ದು?"

"ಕ್ಯಾಪ್ಟನ್ನೇ ತೊಳೆಸಿದ್ರು ಮಿಸೆಸ್ ಟ್ರೆವಾರೊ. ಒಳಗಿದ್ದದ್ದು ಜಜ್ಜಿಹೋಗಿತ್ತಂತೆ. ನಿಮಗೆ ನೋವಾಗ್ಬಾರ್ದು ಅಂತ."

"ಐದು ವರ್ಷದಿಂದ ಈ ಡಬ್ಬಿ ನಾನು ಬಿಟ್ಟು ಯಾರೂ ತೊಳೆದಿಲ್ಲ. ಸತ್ತವನ ಡಬ್ಬಿ ತೊಳೆಯೋಷ್ಟು ಪ್ರೀತಿ ಇದ್ದೋನು, ಬದುಕಿದ್ದೋನಿಗೆ ಒಂದು ತೊಲೆ ಯಾಕೆ ಕೊಡ್ಲಿಲ್ಲ ಅಂತ ಕೇಳಿ ಬನ್ನಿ."

ಗುಮಾಸ್ತ ಮೆಟ್ಟಿಲಿಳಿದು ಹೋದ. ಲವ್‌ಡೇ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ದಿನ ಅವಳು ಸೊಸೆಯ ಜೊತೆ ಒಂದು ಮಾತೂ ಆಡಲಿಲ್ಲ. ಹಿಲ್ಯಾಳಿಗೆ ಅದರ ಅರ್ಥ ಗೊತ್ತಿತ್ತು. ಮೊಲದೂಟ ಕಟ್ಟಿದ್ದೀಯ, ಗಿಡ್ಡಜ್ಜರು ಮುನಿದಿದ್ದಾರೆ, ಎಂದು ಮುದುಕಿಯ ಬೆನ್ನೇ ಹೇಳುತ್ತಿತ್ತು.

ಮೂರನೆಯ ದಿನ ಅರ್ವಿಡ್ ಬಂದ. ಮಾತು ಕಮ್ಮಿ ಇರುವ ಫಿನ್ನರಲ್ಲೂ ಮಾತು ಕಮ್ಮಿ ಇದ್ದವನು. ಕಲ್ಲು ತೆಗೆಯಲು ಅವತ್ತು ಅವನನ್ನು ಹತ್ತೊಂಬತ್ತಕ್ಕೆ ಕಳಿಸಿದ್ದರು. ಅಡುಗೆಮನೆಯ ಮೇಜಿಗೆ ಕೂತು, ಕೊಟ್ಟ ಕಾಫಿ ಪೂರ್ತಿ ಕುಡಿದು, ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದ.

ಪ್ಯಾಸ್ಟಿಯ ಒಂದು ಮೂಲೆ. ಡಿ, ಟಿ. ಒಣಗಿ ಗಟ್ಟಿಯಾಗಿತ್ತು.

"ತೊಲೆ ಮೇಲಿತ್ತು," ಎಂದ ಅರ್ವಿಡ್. "ನಮ್ಮ ಜಾಗದಲ್ಲಿ. ಹಲಗೆಯಿಂದ ಈ ಕಡೆ ಹದಿನೈದು ಹೆಜ್ಜೆ. ಕಲ್ಲು ಅಲ್ಲಿವರೆಗೂ ಬಂದು ನಿಂತಿದೆ."

"ಇದು ಸೋಮವಾರದ್ದಿರ್ಬೇಕು ಅಂತಾರೆ, ಅರ್ವಿಡ್. ದಿನಾ ಇಡ್ತಿದ್ದನಲ್ಲ."

"ದಿನದ್ದು ದಿನ ಇಲಿ ತಿನ್ನುತ್ತೆ. ಸೋಮವಾರದ್ದು ಮಂಗಳವಾರ ಬೆಳಿಗ್ಗೆ, ನನ್ನ ಪಂಪಿಗೆ ಕಳಿಸೋಕೆ ಮುಂಚೆ ನಾನು ನೋಡ್ದಾಗ, ಇರ್ಲಿಲ್ಲ. ಕಲ್ಲು ಬಿದ್ಮೇಲೆ ಆ ಕಡೆ ಇಲಿನೂ ಬಂದಿಲ್ಲ."

"ನೀನು ಹೇಳಿದ್ರೆ ನಂಬ್ತಾರಾ? ನೀನೂ ಫಿನ್, ನಮ್ಮೋನು."

ಅರ್ವಿಡ್ ತುಂಡನ್ನು ಅವಳ ಕಡೆ ಸರಿಸಿದ. ಹಿಲ್ಯಾ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಚ್ಚಿದ ಕಡೆಯ ಹಿಟ್ಟಿನ ಮಡಿಕೆಯಲ್ಲಿ, ಉಗುರಿನಷ್ಟು ದೊಡ್ಡದು, ಬಾಡಿದ ಕಿತ್ತಳೆ ಬಣ್ಣದ ಒಂದು ಚೂರು ಸಿಕ್ಕಿಕೊಂಡಿತ್ತು. ಅವಳು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿದ್ದ ಅತ್ತೆಯ ಭುಜ ಹಿಡಿದು ತಿರುಗಿಸಿದಳು.

"ಅಮ್ಮ, ನೋಡಿ. ಈ ಮನೆ ಪ್ಯಾಸ್ಟೀಲಿ ಕ್ಯಾರೆಟ್ ಎಷ್ಟು ಸಲ ಬಿದ್ದಿದೆ?"

ಲವ್‌ಡೇ ತುಂಡನ್ನು ನೋಡಿದಳು. ಸೊಸೆಯ ಮುಖ ನೋಡಿದಳು. ಎದ್ದು ಕೂತಳು.

"ನನ್ನ ಕಪ್ಪು ಕೋಟು ಎಲ್ಲಿದ್ಯೇ?"

ವಿಚಾರಣೆ ಶನಿವಾರ ಬೆಳಿಗ್ಗೆ, ಟೌನ್ ಹಾಲ್‌ನಲ್ಲಿ. ಸಾವಿನ ಕಾರಣ ಹೇಳಲು ಆರು ಜನರ ಜ್ಯೂರಿ. ಆರರಲ್ಲಿ ನಾಲ್ವರು ಕಂಪನಿಯ ಸಂಬಳದವರು. ನಡೆಸಿಕೊಡುವವನು ಊರಿನ ಔಷಧಿ ಅಂಗಡಿಯವನು, ವರ್ಷಕ್ಕೆ ಎರಡು ಬಾರಿ ಕೊರೋನರ್, ಅಂದರೆ ಸಾವಿನ ವಿಚಾರಣಾಧಿಕಾರಿ, ಆಗುವವನು. ಬೊಲಿಥೊ ಮೊದಲು ಎದ್ದು ವರದಿ ಓದಿದ. ಒಳ್ಳೆಯ ಕೆಲಸಗಾರ, ಒಂದು ಗಳಿಗೆಯ ಆಸೆ, ದೇವರು ಕ್ಷಮಿಸಲಿ, ಎಂದು ಕೊನೆಗೆ ಸೇರಿಸಿದ. ಆ ಕೊನೆಯ ಮಾತು ಕೇಳಿ ಹಿಲ್ಯಾ ಬೆಂಚಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅಂಗೈಗೆ ಚಕ್ಕೆ ಚುಚ್ಚಿತು.

ಅರ್ವಿಡ್ ತನಗೆ ಸಿಕ್ಕಿದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಕೂತ. ಕರವಸ್ತ್ರ ಮೇಜಿನ ಮೇಲೆ ಬಂತು. ಜ್ಯೂರಿಯವನೊಬ್ಬ, "ಇದು ಹಿಂದಿನ ದಿನದ್ದು ಅಲ್ಲ ಅಂತ ಹೇಗೆ ಹೇಳ್ತೀರಿ?" ಎಂದ. ಆಗ ಲವ್‌ಡೇ ಯಾರೂ ಕರೆಯದೆ ಎದ್ದು ಮುಂದೆ ಬಂದಳು.

"ನಾನು ಹೇಳ್ತೀನಿ. ಅದರಲ್ಲಿ ಕ್ಯಾರೆಟ್ ಇದೆ."

ಹಾಲ್‌ನಲ್ಲಿ ಯಾರೋ ನಕ್ಕರು.

"ನಗಿ," ಎಂದಳು ಲವ್‌ಡೇ. "ನಲವತ್ತು ವರ್ಷದಿಂದ ಈ ಊರಲ್ಲಿ ಕ್ಯಾರೆಟ್ ಹಾಕೋರನ್ನ ನೋಡಿ ನಾನೂ ನಕ್ಕಿದ್ದೀನಿ. ನನ್ನ ಮನೆ ಪ್ಯಾಸ್ಟಿಗೆ ಕ್ಯಾರೆಟ್ ಬಿದ್ದದ್ದು ಒಂದೇ ಒಂದು ದಿನ. ಮಂಗಳವಾರ. ನಾನು ಕಾಯಿಲೆ ಬಿದ್ದಿದ್ದೆ, ಈ ಹುಡುಗಿ ಹಾಕಿದ್ಲು. ನಾನು ಎದ್ದು ಬಂದು ನೋಡಿದ್ದೀನಿ, ಬೈದಿದ್ದೀನಿ. ಅಕ್ಕಪಕ್ಕದೋರಿಗೆ ಕೇಳಿ, ನಾನು ಬೈದ್ರೆ ಮೂರು ಮನೆಗೆ ಕೇಳ್ಸುತ್ತೆ."

"ಕೇಳ್ಸಿತ್ತು!" ಎಂದಳು ಹಿಂದಿನ ಸಾಲಿನಿಂದ ಒಬ್ಬ ಹೆಂಗಸು.

"ಮಿಸೆಸ್ ಟ್ರೆವಾರೊ," ಎಂದ ಕೊರೋನರ್, "ಊಟ ಮುಗಿಸಿ ಆಮೇಲೆ ಅವನು ಹಲಗೆ ದಾಟಿರಬಹುದಲ್ಲ?"

"ಕ್ಯಾಪ್ಟನ್ ಹೇಳಿದ್ದು ಮುಚ್ಚಿದ ಡಬ್ಬಿ ಅಂತ. ಮುಚ್ಚಿದ ಡಬ್ಬಿಯಿಂದ ಪ್ಯಾಸ್ಟಿ ತಾನಾಗೇ ಎದ್ದು ಹೋಗಿ ತೊಲೆ ಮೇಲೆ ಕೂತ್ಕೊಳ್ತಾ? ನನ್ನ ಮಗ ತಿನ್ನೋಕೆ ಇಪ್ಪತ್ತು ನಿಮಿಷ ಬೇಕು. ಹನ್ನೊಂದೂವರೆಗೆ ಕೂತೋನು ಹನ್ನೊಂದು ಐವತ್ತಕ್ಕೆ ಮೂಲೆ ಇಟ್ಟಿದ್ದಾನೆ. ಆಗ ಬಿದ್ದಿದೆ ಕಲ್ಲು. ಕದಿಯೋಕೆ ಯಾವಾಗ ಹೋದ, ಉಸಿರಾಡೋಕೂ ಪುರುಸೊತ್ತಿಲ್ದೆ?"

ಆಮೇಲೆ ಅವಳು ಬೊಲಿಥೊನ ಕಡೆ ತಿರುಗಿದಳು. ಅವರಿಬ್ಬರ ಅಪ್ಪಂದಿರು ಒಂದೇ ಹಡಗಿನಲ್ಲಿ ಬಂದವರು.

"ಜೋಸಯಾ ಬೊಲಿಥೊ, ಪಾದ್ರಿಗಳು ಇಲ್ಲೇ ಕೂತಿದ್ದಾರೆ. ನಮ್ಮ ಮನೆಯೋರು ಗಿಡ್ಡಜ್ಜರಿಗೆ ಪಾಲು ಇಡ್ತೀವಿ ಅಂತ ಅವರ ಎದುರೇ ಒಪ್ಕೊತಿದ್ದೀನಿ. ನಾಳೆ ನನ್ನ ಬೈಲಿ. ಈಗ ನೀನು ಹೇಳು. ಡಬ್ಬಿ ತಗೊಂಡೆ, ತೊಳೆದೆ. ಸಲಿಕೆ ತಗೊಂಡೆ. ದೀಪ ತಗೊಂಡೆ. ಎಲ್ಲಾ ಹಲಗೆಯಿಂದ ಆ ಕಡೆ ಸಾಗಿಸ್ದೆ. ಈ ತುಂಡು ನಿನ್ನ ಕಣ್ಣೆತ್ತರದಲ್ಲಿತ್ತು. ಇದನ್ನ ಯಾಕೋ ಬಿಟ್ಟೆ?"

ಬೊಲಿಥೊ ಕೈಯಲ್ಲಿದ್ದ ವರದಿಯನ್ನು ಮಡಚಿದ.

"ಯಾಕೋ ಬಿಟ್ಟೆ? ನಾನು ಹೇಳ್ಲಾ? ಕೈ ಬರ್ಲಿಲ್ಲ ನಿಂಗೆ! ನನ್ನ ಮಗನ ಹೆಸರು ಕದಿಯೋಕೆ ಹೆದ್ರಿಲ್ಲ. ಗಿಡ್ಡಜ್ಜರ ಪಾಲು ಮುಟ್ಟೋಕೆ ಹೆದ್ರಿದೆ."

ಹಾಲ್‌ನಲ್ಲಿ ಕಾರ್ನ್‌ವಾಲಿನವರು ಯಾರೂ ಅವನ ಮುಖ ನೋಡಲಿಲ್ಲ. ಅವರ ಪೈಕಿ ಯಾರೇ ಆ ಜಾಗದಲ್ಲಿದ್ದರೂ ಆ ತುಂಡನ್ನು ಮುಟ್ಟುತ್ತಿರಲಿಲ್ಲವೆಂದು ಅವರಿಗೆಲ್ಲ ಗೊತ್ತಿತ್ತು. ಮುಟ್ಟಲು ಒಬ್ಬ ಫಿನ್ ಬೇಕಾಯಿತು.

ಜ್ಯೂರಿ ಒಂದು ಗಂಟೆ ಒಳಗೆ ಕೂತು ಬಂತು. 'ಹಲಗೆಯ ಈ ಬದಿ, ತನ್ನ ಕೆಲಸದ ಜಾಗದಲ್ಲಿ, ಕಲ್ಲು ಬಿದ್ದು' ಎಂದು ಒಂದು ಸಾಲು ಬರೆದು ಆರೂ ಜನ ಸಹಿ ಮಾಡಿದರು. ಆ ಕಂಪನಿಯ ಸಂಬಳದ ನಾಲ್ವರಿಗೆ ಈ ಒಂದು ವಿಷಯದಲ್ಲಿ ಕೈ ಮುಗಿಯಬೇಕು.

ಆದರೆ ಕಂಪನಿ ತನ್ನ ವರದಿಯನ್ನು ಬದಲಿಸಲಿಲ್ಲ. ಬೊಲಿಥೊನನ್ನು ಕೆಲಸದಿಂದ ತೆಗೆಯಲಿಲ್ಲ. ವಸಂತ ಬರುವುದರೊಳಗೆ ಕಂಪನಿಯ ಮನೆ ಖಾಲಿ ಮಾಡಿ ಎಂದು ಇಬ್ಬರು ವಿಧವೆಯರಿಗೆ ಚೀಟಿ ಬಂತು. ಅವರು ಮಿಲ್ ಸ್ಟ್ರೀಟಿನ ಎರಡು ಕೋಣೆಯ ಮನೆಗೆ ಹೋದರು. ಅಲ್ಲಿನ ಅಡುಗೆಮನೆಗೆ ಬೀದಿಯ ಕಡೆ ಅಗಲವಾದ ಕಿಟಕಿ ಇತ್ತು. ಹಿಲ್ಯಾ ಟರ್ನಿಪ್ ಹೆಚ್ಚಲು ಕೂತಾಗ ಲವ್‌ಡೇ ಅದನ್ನು ಅವಳ ಮುಂದಿನಿಂದ ಎಳೆದುಕೊಂಡಳು.

"ಕ್ಯಾರೆಟ್ ಹಾಕೇ."

"ಅಮ್ಮ, ಯಾರೂ ಕೊಳ್ಳಲ್ಲ."

"ಕೊಳ್ತಾರೆ. ಕೊಳ್ಳದೇ ಇದ್ರೆ ನಾವೇ ತಿನ್ನೋಣ. ಮೂಲೇಲಿ ನನ್ನ ಮಗನ ಅಕ್ಷರ ಒತ್ತು. ಪ್ರತಿಯೊಂದರ ಮೇಲೂ."

ಹಾಗೆ ಶುರುವಾಯಿತು. ಲವ್‌ಡೇ ಹದಿನೇಳು ವರ್ಷ ಅಂಚು ಕಟ್ಟಿದಳು, ಹಿಲ್ಯಾ ಹೂರಣ ತುಂಬಿದಳು. ಜಗಳ ನಿಲ್ಲಲಿಲ್ಲ. ಈರುಳ್ಳಿಯ ಅಳತೆಗೆ, ಒಲೆಯ ಕಾವಿಗೆ, ಕಾಫಿಗೆ, ಎಲ್ಲಕ್ಕೂ ಜಗಳ. ಕ್ಯಾರೆಟ್ಟಿಗೆ ಮಾತ್ರ ಇರಲಿಲ್ಲ. ೧೯೭೦ರ ಜನವರಿಯಲ್ಲಿ ಲವ್‌ಡೇ ತೀರಿಕೊಂಡಳು. ಆ ವಾರ ಪೂರ್ತಿ ಕಿಟಕಿ ಮುಚ್ಚಿತ್ತು. ಮುಂದಿನ ವಾರ ಅಂಚನ್ನೂ ಹಿಲ್ಯಾಳೇ ಕಟ್ಟಿದಳು, ಒಂದನ್ನೂ ಬಿಚ್ಚುವವರಿಲ್ಲದೆ.

ಬೇಸಿಗೆಯ ಪ್ರವಾಸಿಗರು ಬರತೊಡಗಿದ ಮೇಲೆ ಕಿಟಕಿಯ ಮುಂದೆ ಸಾಲು ನಿಂತಿತು. "ಡಿ, ಟಿ ಅಂದ್ರೇನು?" ಎಂದು ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: "ನನ್ನ ಗಂಡನ ಹೆಸರು. ಆ ಕಡೆಯಿಂದ ಶುರುಮಾಡಿ." ಊರಿನವರು ಪ್ಯಾಸ್ಟಿ ಸ್ಪರ್ಧೆ ಇಟ್ಟಾಗ, ಹೊರಗಿನಿಂದ ಬಂದ ತೀರ್ಪುಗಾರನೊಬ್ಬ ಅವಳ ತಟ್ಟೆಯನ್ನು ರುಚಿ ನೋಡದೆ ಪಕ್ಕಕ್ಕೆ ಸರಿಸಿದ. ಕ್ಯಾರೆಟ್ ಇರುವುದು ಅಸಲಿ ಅಲ್ಲವಂತೆ. ಅಸಲಿ ಎಂದರೇನೆಂದು ಅವನು ಹಿಂದಿನ ರಾತ್ರಿ ಹೋಟೆಲಿನಲ್ಲಿ ಒಂದು ಕಿರುಹೊತ್ತಿಗೆ ಓದಿ ತಿಳಿದುಕೊಂಡಿದ್ದ. ಹಿಲ್ಯಾ ತಟ್ಟೆ ಎತ್ತಿಕೊಂಡು ಮನೆಗೆ ಬಂದಳು. ಅದು ಅವಳಿಗೆ ದೊಡ್ಡದಾಗಿ ತೋರಲಿಲ್ಲ. ದೊಡ್ಡದು ಆಮೇಲೆ ಬಂತು.

ಗಣಿ ೧೯೬೭ರಲ್ಲೇ ಮುಚ್ಚಿತ್ತು. ಕೆಳಗಿನ ಲೆವೆಲ್‌ಗಳಲ್ಲಿ ನೀರು ತುಂಬಿತ್ತು. ೧೯೯೧ರಲ್ಲಿ ಮೇಲಿನ ಸುರಂಗವೊಂದಕ್ಕೆ ದೀಪ ಹಾಕಿ, ಟಿಕೆಟ್ ಇಟ್ಟು, ವಸ್ತುಸಂಗ್ರಹಾಲಯ ಮಾಡಿದರು. ಅಲ್ಲಿನ ಗೋಡೆಗೆ ಒಂದು ಫಲಕ ಹಾಕಿದರು: 'ಇದರ ಕೆಳಗೆ, ಹತ್ತೊಂಬತ್ತನೆಯ ಲೆವೆಲ್‌ನಲ್ಲಿ, ೧೯೫೨ರಲ್ಲಿ ಮುಚ್ಚಿದ ಸುರಂಗಕ್ಕೆ ತಾಮ್ರ ಕದಿಯಲು ನುಗ್ಗಿದ ಕಾರ್ಮಿಕನೊಬ್ಬ ತನ್ನ ಆಸೆಗೆ ತಾನೇ ಬಲಿಯಾದ.' ಹೆಸರು ಹಾಕಿರಲಿಲ್ಲ. ೧೯೫೨ರಲ್ಲಿ ಆ ಲೆವೆಲ್‌ನಲ್ಲಿ ಸತ್ತವನು ಒಬ್ಬನೇ.

ಹಿಲ್ಯಾ ಅವತ್ತೇ ಮ್ಯಾನೇಜರ್ ಗ್ಯಾರಿ ಪೆನ್‌ಹೇಲ್‌ನ ಕೋಣೆಗೆ ಹೋದಳು. ನಯವಾದ ಮಾತಿನ ಹುಡುಗ. ಕುರ್ಚಿ ಕೊಟ್ಟ, ಕಾಫಿ ಕೊಟ್ಟ.

"ನಮ್ಮ ಹತ್ರ ಕಂಪನಿಯ ವರದಿ ಇದೆ ಮಿಸೆಸ್ ಟ್ರೆವಾರೊ. ನಿಮ್ಮ ಹತ್ರ ಜ್ಯೂರಿಯ ಕಾಗದ ಇದ್ರೆ ತನ್ನಿ, ನಾಳೆನೇ ಬದಲಾಯಿಸ್ತೀನಿ."

ಜ್ಯೂರಿಯ ಕಾಗದ ಇರಲಿಲ್ಲ. ಕಚೇರಿ ಹೊಸ ಕಟ್ಟಡಕ್ಕೆ ಹೋಗುವಾಗ ಕಳೆದುಹೋದ ಪೆಟ್ಟಿಗೆಗಳಲ್ಲಿ ಅದೂ ಒಂದರಲ್ಲಿತ್ತು. ಅವಳ ಬಳಿ ಇದ್ದದ್ದು ಒಂದು ಕಾಫಿ ಡಬ್ಬಿ. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಚಿಟಿಕೆಯಷ್ಟು ಕಂದು ಪುಡಿ.

"ಇದೇನು?"

"ಇದು ಜ್ಯೂರಿ ನೋಡಿದ್ದು."

ಪೆನ್‌ಹೇಲ್ ಪುಡಿ ನೋಡಿದ, ಅವಳನ್ನು ನೋಡಿದ. "ಇದು ದಾಖಲೆ ಆಗಲ್ಲವಲ್ಲ."

"ನಾನಿದ್ದೀನಲ್ಲಪ್ಪ. ಅರ್ವಿಡ್ ಇದ್ದಾನೆ. ಆ ಹಾಲ್‌ನಲ್ಲಿ ಕೂತಿದ್ದೋರು ಇನ್ನೂ ಅರವತ್ತು ಜನ ಇದ್ದಾರೆ."

"ನೀವು ನೆನಪಿಂದ ಹೇಳ್ತೀರಿ. ಅದು ಬರಹದಲ್ಲಿದೆ. ಮತ್ತೆ... ನಿಜ ಹೇಳ್ಬೇಕು ಅಂದ್ರೆ, ಪ್ರವಾಸಿಗಳಿಗೆ ಆ ಕಥೆ ಇಷ್ಟ. ಮಕ್ಕಳು ಅಲ್ಲೇ ನಿಂತ್ಕೊಂಡು ಫೋಟೋ ತೆಗೆಸ್ಕೋತಾರೆ."

ಹಿಲ್ಯಾ ಡಬ್ಬಿಯ ಮುಚ್ಚಳ ಹಾಕಿದಳು. "ಸುಳ್ಳು ಬರೆದೋನ ಹತ್ರ ಪೆನ್ನಿತ್ತು. ನಮ್ಮ ಹತ್ರ ಪ್ಯಾಸ್ಟಿ ಇತ್ತು. ಅಷ್ಟೇ ವ್ಯತ್ಯಾಸ" ಎಂದು ಎದ್ದಳು.

ಹದಿನೆಂಟು ವರ್ಷ. ಪ್ರತಿ ಮೇ ತಿಂಗಳು, ಸಂಗ್ರಹಾಲಯ ಬಾಗಿಲು ತೆರೆದ ಮೊದಲ ದಿನ, ಅವಳು ಟಿಕೆಟ್ ಕೊಂಡು ಒಳಗೆ ಹೋಗಿ ಫಲಕ ಓದಿ, ಪೆನ್‌ಹೇಲ್‌ನ ಕೋಣೆಗೆ ಹೋಗಿ, "ಇನ್ನೂ ಹಾಗೇ ಇದೆ" ಎಂದು ಹೇಳಿ ಬರುತ್ತಿದ್ದಳು. ಮೊದಲು ನಡೆದು ಹೋದಳು, ಆಮೇಲೆ ಕೋಲು ಹಿಡಿದು, ಕೊನೆಯ ಎರಡು ವರ್ಷ ಯಾರದಾದರೂ ಕಾರಿನಲ್ಲಿ. ಪತ್ರಿಕೆಗೆ ಹನ್ನೊಂದು ಪತ್ರ ಬರೆದಳು. ಒಂದನ್ನೂ ಹಾಕಲಿಲ್ಲ. ಅದೇ ಪತ್ರಿಕೆ ಈಗ ಅವಳಿಗೆ ಏಳು ಸಾಲು ಕೊಟ್ಟಿದೆ, ಅಕ್ಟೋಬರಿನಲ್ಲಿ, ಡೆನ್‌ಜಿಲ್ ಹೋದ ಅದೇ ತಿಂಗಳಿನಲ್ಲಿ.

ಮಣ್ಣಾದ ಮೇಲೆ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಹೆಂಗಸರು ಹಿಂದಿನ ದಿನವೆಲ್ಲ ಕೂತು ಪ್ಯಾಸ್ಟಿ ಮಾಡಿದ್ದರು, ಕ್ಯಾರೆಟ್ ಹಾಕಿ, ಮೂಲೆಯಲ್ಲಿ ಆ ಎರಡು ಅಕ್ಷರ ಒತ್ತಿ. ಕಾಫಿ ಡಬ್ಬಿಯನ್ನು ಅವಳ ಜೊತೆಯಲ್ಲೇ ಇಟ್ಟು ಬಂದಿದ್ದರು. ಎಂಬತ್ತೈದರ ಅರ್ವಿಡ್ ಗಾಲಿಕುರ್ಚಿಯಲ್ಲಿದ್ದ. ಎದುರು ತುದಿಯಿಂದ ತಿಂದು, ಮೂಲೆಗೆ ಬಂದು ನಿಲ್ಲಿಸಿ, ಕರವಸ್ತ್ರ ತೆಗೆದು ಅದರಲ್ಲಿ ಸುತ್ತಿದ.

"ಗಣಿಗೆ ಕರ್ಕೊಂಡ್ಹೋಗಿ," ಎಂದ.

ಯಾರೂ ಯಾಕೆಂದು ಕೇಳಲಿಲ್ಲ. ತಟ್ಟೆಗಳಲ್ಲಿ ಮೂಲೆಗಳು ಉಳಿದವು. ಮೂವತ್ತೆಂಟು ಜನ, ಹನ್ನೆರಡು ಕಾರು. ಎಲ್ಲರೂ ಟಿಕೆಟ್ ಕೊಂಡರು. ಕೌಂಟರಿನ ಹುಡುಗಿ ಕರವಸ್ತ್ರಗಳನ್ನು ನೋಡಿ ಗಾಬರಿಯಾದಳು.

"ಸಾರಿ ಅಜ್ಜ, ಒಳಗೆ ತಿಂಡಿ ತಿನ್ನೋ ಹಾಗಿಲ್ಲ."

"ತಿನ್ನೋಕಲ್ಲಮ್ಮ," ಎಂದ ಅರ್ವಿಡ್.

ಫಲಕದ ಕೆಳಗೆ ಹಳೆಯ ತೊಲೆಯೊಂದನ್ನು ಅಡ್ಡಲಾಗಿ, ನೋಡಲು ಚೆಂದವಾಗಿರಲಿ ಎಂದು, ಇಟ್ಟಿದ್ದಾರೆ. ಅದರ ಮೇಲೆ ಮೂವತ್ತೆಂಟು ಮೂಲೆಗಳನ್ನು ಒಂದರ ಪಕ್ಕ ಒಂದು ಇಟ್ಟರು, ಅಕ್ಷರ ಹೊರಗೆ ಕಾಣುವಂತೆ.

ಮಾರನೆಯ ದಿನ ಪೆನ್‌ಹೇಲ್ ಚರ್ಚಿಗೆ ಫೋನ್ ಮಾಡಿದ. ಇಲಿ ಬರುತ್ತವೆ, ಯಾರಾದರೂ ಬಂದು ತೆಗೆದುಕೊಂಡು ಹೋಗಿ, ಎಂದ. ಯಾರೂ ಹೋಗಲಿಲ್ಲ. ಮೂರನೆಯ ದಿನ ಮತ್ತೆ ಮಾಡಿದ. ನೀವೇ ತೆಗೆಯಬಹುದಲ್ಲ, ಕಸದ ಬುಟ್ಟಿ ಅಲ್ಲೇ ಇದೆಯಲ್ಲ, ಎಂದು ಫೋನ್ ಎತ್ತಿದ ಹೆಂಗಸು ಕೇಳಿದಳು. ಅವನು ಫೋನ್ ಇಟ್ಟುಬಿಟ್ಟ. ಪೆನ್‌ಹೇಲ್‌ನ ಮುತ್ತಜ್ಜನೂ ಕಾರ್ನ್‌ವಾಲಿನವನೇ, ಅದೇ ಗಣಿಯಲ್ಲಿ ಮೂವತ್ತು ವರ್ಷ ಇದ್ದವನು.

ಇವತ್ತಿಗೆ ಹನ್ನೊಂದು ದಿನವಾಯಿತು. ಫಲಕ ಇನ್ನೂ ಗೋಡೆಯ ಮೇಲೇ ಇದೆ. ಅದರ ಕೆಳಗಿನ ತುಂಡುಗಳೂ ಇವೆ, ಇಲಿ ಇನ್ನೂ ಬಂದಿಲ್ಲ. ಕೌಂಟರಿನ ಹುಡುಗಿ ಹೇಳುವ ಪ್ರಕಾರ ಮ್ಯಾನೇಜರ್ ದಿನಾ ಬೆಳಿಗ್ಗೆ ಬಂದು ಅವನ್ನು ನೋಡುತ್ತಾನೆ, ಕೈ ಜೇಬಿನಲ್ಲಿಟ್ಟುಕೊಂಡು.